ಕಂಬ ಹೇಳಿದ ಗೆರೆ

ಘಟ್ಟದಿಂದ ಇಳಿಯುವ ಹೊಳೆಯೊಂದರಲ್ಲಿ ನೀರಿನ ಮಟ್ಟ ಅಳೆಯುವ ಕಂಬವಿತ್ತು. ಟಿಟ್ಟಿಭ ಹಕ್ಕಿಗಳು ಅದನ್ನು ಕೇಳದೆ ದಂಡೆಯ ಕಲ್ಲುಗಳ ನಡುವೆ ಮೊಟ್ಟೆ ಇಡುತ್ತಿರಲಿಲ್ಲ.

"ಈ ಸಲ ಎಲ್ಲಿಡೋಣ, ಕಂಬಣ್ಣ?" ಎಂದು ಗಂಡುಹಕ್ಕಿ ಕೇಳಿತು.

"ನಲವತ್ತು ವರ್ಷದಿಂದ ನಿಂತಿದ್ದೇನೆ. ಬೇಸಿಗೆಯಲ್ಲಿ ನೀರು ನನ್ನ ಮೂರನೇ ಗೆರೆ ದಾಟಿಲ್ಲ. ಅದಕ್ಕಿಂತ ಮೇಲಕ್ಕಿಡಿ," ಎಂದಿತು ಕಂಬ.

ಹೆಣ್ಣಿಗೆ ಧೈರ್ಯ ಬರಲಿಲ್ಲ. "ಆ ದಿಬ್ಬಕ್ಕೆ ಹೋಗೋಣ ಕಣ್ರೀ. ಬೆಟ್ಟದಲ್ಲಿ ತಿಂಗಳೆಲ್ಲ ಬೀಳ್ತಿದ್ದ ಮಳೆ ಈಗ ಒಂದೇ ಹೊತ್ತಿಗೆ ಸುರಿಯುತ್ತೆ. ಮಣ್ಣು ನೀರು ಕುಡಿಯೋದೇ ಇಲ್ಲ. ಎಲ್ಲ ಇಲ್ಲಿಗೇ ಬರುತ್ತೆ. ನನಗೆ ಭಯ."

"ಕಂಬಕ್ಕಿಂತ ನೀನು ಹೆಚ್ಚು ಬಲ್ಲೆಯಾ?" ಎಂದು ಗಂಡು ನಕ್ಕಿತು.

ಕಂಬ ಹೇಳಿದಲ್ಲೇ ನಾಲ್ಕು ಮೊಟ್ಟೆಯಾದವು. ಒಂದು ಮಧ್ಯಾಹ್ನ ಇಲ್ಲಿ ಸುಡುಬಿಸಿಲು, ಬೆಟ್ಟದ ತಲೆಯಲ್ಲಿ ಮಾತ್ರ ಕಪ್ಪು. ಹೊಳೆ ಸದ್ದು ಮಾಡುತ್ತಾ ಕೆಂಪಗೆ ಬಂತು. ಗಂಡು ಹಾರಿತು. ಹೆಣ್ಣು ಮೊಟ್ಟೆ ಬಿಟ್ಟು ಏಳಲಿಲ್ಲ.

ನೀರು ಇಳಿದಾಗ ಕಂಬದ ಏಳನೇ ಗೆರೆಯವರೆಗೆ ಕೆಸರು ಮೆತ್ತಿತ್ತು.

ಮರುವರ್ಷ ಹೊಸ ಜೋಡಿಯೊಂದು ಬಂದು ಅದೇ ಮಾತು ಕೇಳಿತು.

"ನಲವತ್ತೊಂದು ವರ್ಷದಿಂದ ನಿಂತಿದ್ದೇನೆ. ಬೇಸಿಗೆಯಲ್ಲಿ ನೀರು ನನ್ನ ಏಳನೇ ಗೆರೆ ದಾಟಿಲ್ಲ," ಎಂದಿತು ಕಂಬ.

ಒಂಟಿಯಾಗಿದ್ದ ಹಳೆಯ ಗಂಡುಹಕ್ಕಿ ಅವುಗಳ ತಲೆಯ ಮೇಲೆ ಸುತ್ತುತ್ತಾ, "ದಿಬ್ಬಕ್ಕೆ ಹೋಗಿ, ದಿಬ್ಬಕ್ಕೆ ಹೋಗಿ," ಎಂದು ಕೂಗಿತು.

"ಪಾಪ, ಹೆಂಡತಿ ಸತ್ತಮೇಲೆ ಅವನಿಗೆ ತಲೆ ಕೆಟ್ಟಿದೆ," ಎಂದು ಹೊಸ ಗಂಡು ತನ್ನವಳಿಗೆ ಹೇಳಿ, ಎಂಟನೇ ಗೆರೆಯ ನೇರಕ್ಕೆ ಕಲ್ಲು ಸರಿಸತೊಡಗಿತು.

ಬಿಸಿಲು ಅವತ್ತಿನ ಹಾಗೇ ಇತ್ತು.