ಚಿಪ್ಪಿಗೆ ನೀರು ಹೊತ್ತ ಭೋಗಣ್ಣ

ಹತ್ತಿರ ಬನ್ನಿ ಮಕ್ಕಳೇ, ಕಾಲು ಮಡಚಿ ಕೂತುಕೊಳ್ಳಿ. ಕಲ್ಲುಗುಡ್ಡ ಅಂತ ಒಂದು ರಾಜ್ಯವಿತ್ತು. ಊರ ತುಂಬ ಬಂಡೆ, ಬಂಡೆಯ ಮೇಲೆ ಅರಮನೆ. ಅಲ್ಲಿನ ರಾಜ ಗಿರಿಭೂಪ. ಅವನಿಗೆ ಒಬ್ಬಳೇ ಮಗಳು, ಚಿನ್ನಾಂಬೆ. ಆ ಮಗುವನ್ನು ಹುಟ್ಟಿದ ದಿನದಿಂದ ಕಾಲ ಮೇಲೆ ಮಲಗಿಸಿಕೊಂಡು ನೀರೆರೆದವಳು ದ್ಯಾವಜ್ಜಿ. ಅರಮನೆಯ ಕೂಸುಗಳಿಗೆಲ್ಲ ನೀರೆರೆಯುವುದೇ ಅವಳ ಕೆಲಸ. ಅಜ್ಜಿಯ ಬಾಯಿ ಸ್ವಲ್ಪ ಜೋರು, ಕೈ ಮಾತ್ರ ಬೆಣ್ಣೆ.

ಒಂದು ದಿನ ಹದ್ದೊಂದು ಹಾರುತ್ತಾ ಹಾರುತ್ತಾ ಅರಮನೆಯ ಮಾಳಿಗೆಯ ಮೇಲೆ ಏನನ್ನೋ ಬೀಳಿಸಿತು. ಅಲ್ಲಿ ಹತ್ತಿ ಒಣಹಾಕಿದ್ದರು, ಪುಣ್ಯಕ್ಕೆ ಅದರ ಮೇಲೆ ಬಿತ್ತು. ಚಿನ್ನಾಂಬೆ ಓಡಿ ಹೋಗಿ ನೋಡಿದರೆ ನಿಂಬೆಹಣ್ಣಿನಷ್ಟು ಗಾತ್ರದ ಆಮೆಮರಿ. ಕಪ್ಪು ಚಿಪ್ಪು, ಅದರ ಮೇಲೆ ನಕ್ಷತ್ರ ಬರೆದ ಹಾಗೆ ಹಳದಿ ಗೆರೆ. ಅದಕ್ಕೆ ಚಿಪ್ಪಿ ಅಂತ ಹೆಸರಿಟ್ಟಳು, ತನ್ನ ಕೂಸು ಅಂತ ಊರಿಗೆಲ್ಲ ಹೇಳಿಕೊಂಡು ಬಂದಳು.

ಕಲ್ಲುಗುಡ್ಡದಲ್ಲಿ ಒಂದು ಪದ್ಧತಿ ಇತ್ತು. ಹುಣ್ಣಿಮೆಯ ದಿನ ಮನೆಯ ಕೂಸನ್ನು ತಕ್ಕಡಿಯಲ್ಲಿ ಕೂರಿಸಿ ಅಚ್ಚುಬೆಲ್ಲದ ಜೊತೆ ತೂಗುವುದು. ತೆವಳಲು ಬರುವ ಕೂಸಾದರೆ ಹೊಸ್ತಿಲಿಂದ ತಕ್ಕಡಿಯ ತನಕ ತಾನೇ ಬರಬೇಕು. ಹಿಂದಿನ ಸಲಕ್ಕಿಂತ ಭಾರ ಬಂದರೆ, ಸಾಕಿದವರಿಗೆ ಅವತ್ತಿನ ಊಟದಲ್ಲಿ ಯಜಮಾನನ ಬಲಗಡೆಯ ಎಲೆ. ನನ್ನ ಕೂಸನ್ನೂ ತೂಗಲೇಬೇಕು ಅಂತ ಚಿನ್ನಾಂಬೆ ಹಟ ಹಿಡಿದಳು. ತೂಗಿದರು. ಚಿಪ್ಪಿ ಮೂರು ಅಚ್ಚು ಬೆಲ್ಲದಷ್ಟಿತ್ತು.

ಕೆಳಗೆ ಬಿಟ್ಟರೆ ನಾಯಿಗಳ ಕಾಟ. ಹಾಗಾಗಿ ಎಪ್ಪತ್ತೆರಡು ಮೆಟ್ಟಿಲು ಹತ್ತಿ ಹೋಗುವ ಮೇಲಿನ ಕೋಣೆಯಲ್ಲಿ ಅದನ್ನು ಇಟ್ಟರು. ನೋಡಿಕೊಳ್ಳಲು ರಾಣಿಯ ತಮ್ಮ ಭೋಗಣ್ಣನನ್ನು ನೇಮಿಸಿದರು. ಕೆಲಸ ಇಲ್ಲದೆ ಉಂಡಾಡಿಕೊಂಡಿದ್ದವನಿಗೆ ಒಂದು ಕೆಲಸ ಸಿಕ್ಕಿತಲ್ಲ ಅಂತ ರಾಣಿಗೆ ಸಮಾಧಾನ. ಕೋಣೆಯ ಬೀಗದ ಕೈ ಅವನ ಸೊಂಟಕ್ಕೆ ಬಂತು.

ಭೋಗಣ್ಣ ಮೊದಲ ದಿನ ಒಂದು ಬಿಂದಿಗೆ ನೀರು ಹೊತ್ತು ಮೆಟ್ಟಿಲು ಹತ್ತಿದ. ಮೂವತ್ತನೆಯ ಮೆಟ್ಟಿಲಿಗೆ ಏದುಸಿರು ಬಂತು. ಅಲ್ಲೇ ಕೂತು ಯೋಚನೆ ಮಾಡಿದ. ಮಾರನೆಯ ದಿನ ರಾಜನ ಹತ್ತಿರ ಹೋಗಿ, ಇದು ಒಣನೆಲದ ಆಮೆ, ನೀರು ತಾಗಿದರೆ ಸತ್ತೇ ಹೋಗುತ್ತದೆ, ಇದಕ್ಕೆ ಬೇಕಾದದ್ದು ಬಾದಾಮಿ ಹಾಲು ಮತ್ತು ರಸಬಾಳೆ ಅಂದ. ರಾಜ ಒಪ್ಪಿದ. ದಿನಾ ಒಂದು ಚೊಂಬು ಹಾಲು, ಒಂದು ಚಿಪ್ಪು ಬಾಳೆಹಣ್ಣು ಮೇಲೆ ಹೋದವು. ಅವು ಯಾರ ಹೊಟ್ಟೆಗೆ ಹೋದವು ಅಂತ ನಾನು ಹೇಳಬೇಕೆ?

ದಿನಕ್ಕೊಮ್ಮೆ ಭೋಗಣ್ಣ ಚಿಪ್ಪಿಯನ್ನು ರೇಷ್ಮೆ ದಿಂಬಿನ ಮೇಲಿಟ್ಟು ಚಿನ್ನಾಂಬೆಗೆ ತೋರಿಸಿ ಹೋಗುತ್ತಿದ್ದ. ದ್ಯಾವಜ್ಜಿ ನೋಡಿದಳು. ಕಣ್ಣು ಗುಳಿ ಬಿದ್ದಿವೆ. ಕತ್ತಿನ ಚರ್ಮ ಹಪ್ಪಳದ ಹಾಗೆ ಒಣಗಿದೆ. ಕಾಲು ಎಳೆದರೆ ಒಳಗೆ ಎಳೆದುಕೊಳ್ಳುವ ಶಕ್ತಿಯೂ ಇಲ್ಲ. ಎಷ್ಟು ಕೂಸುಗಳನ್ನು ಕಂಡವಳು ಅವಳು, ನೀರಿಲ್ಲದೆ ಸೊರಗಿದ್ದು ಅವಳಿಗೆ ತಿಳಿಯದೇ? ಇದು ಹೋದರೆ ನನ್ನ ಚಿನ್ನಾಂಬೆ ಅನ್ನ ಬಿಡುತ್ತಾಳೆ ಅಂದುಕೊಂಡಳು.

ಭೋಗಣ್ಣನ ಹತ್ತಿರ ಹೋಗಿ ಹೇಳಿದಳು. ನಿನ್ನ ಬಚ್ಚಲು ನೀನು ನೋಡಿಕೋ ಅಂದ. ರಾಣಿಯ ಹತ್ತಿರ ಹೋದಳು. ನನ್ನ ತಮ್ಮನ ಮೇಲೇ ಚಾಡಿಯೇ ಅಂತ ರಾಣಿ ಮುಖ ತಿರುಗಿಸಿದಳು. ರಾಜನ ಹತ್ತಿರ ಹೋದಳು. ಹೆಂಡತಿಯ ತಮ್ಮನನ್ನು ಬೈದು ಮನೆಯಲ್ಲಿ ಬಾಳುವುದು ಹೇಗೆ ಅಜ್ಜಿ ಅಂತ ರಾಜ ಗಡ್ಡ ತುರಿಸಿಕೊಂಡ.

ಅಜ್ಜಿ ಬಚ್ಚಲ ಒಲೆಯ ಮುಂದೆ ಕೂತು ಒಂದು ಗಳಿಗೆ ಯೋಚಿಸಿದಳು. ಆಮೇಲೆ ಎದ್ದು ಸೀದಾ ರಾಜಸಭೆಗೇ ಬಂದಳು.

"ಬುದ್ಧಿ, ಭೋಗಣ್ಣನೋರು ಚಿಪ್ಪೀನ ಅಂಗೈಲಿಟ್ಟು ಸಾಕ್ತಾವ್ರೆ. ಅವರಿಗೂ ಒಂದು ಮರ್ಯಾದೆ ಬ್ಯಾಡವಾ? ಬರೋ ಹುಣ್ಣಿಮೆಗೆ ಚಿಪ್ಪೀನ ತೂಗಿಸಿ. ಭಾರ ಬಂದ್ರೆ ಬಲಗಡೆ ಎಲೆ ಅವರಿಗೇ ಆಗ್ಲಿ. ಆದ್ರೆ ಶಾಸ್ತ್ರ ಶಾಸ್ತ್ರವೇ. ತೂಗೋ ಕೂಸು ಹೊಸ್ತಿಲಿಂದ ತಕ್ಕಡಿಗಂಟ ತಾನೇ ತೆವಳ್ಕೊಂಡು ಬರಬೇಕು."

ಸಭೆಯಲ್ಲೇ ಕೂತಿದ್ದ ಭೋಗಣ್ಣನ ಬಾಯಲ್ಲಿ ನೀರೂರಿತು. ಪಂಕ್ತಿಯಲ್ಲಿ ಅವನದು ಹದಿನಾಲ್ಕನೆಯ ಎಲೆ. ತುಪ್ಪದ ಗಿಂಡಿ ಅಲ್ಲಿಗೆ ಬರುವಷ್ಟರಲ್ಲಿ ತಳ ಕಂಡಿರುತ್ತಿತ್ತು. ರಾಜನ ಬಲಗಡೆಯೆಂದರೆ ಮೊದಲ ಹೋಳಿಗೆ, ಮೊದಲ ತುಪ್ಪ, ಸಾಕು ಅನ್ನುವ ತನಕ. ಒಪ್ಪಿಕೊಂಡುಬಿಟ್ಟ.

ಅವತ್ತೇ ಬಾಗಿಲು ಹಾಕಿಕೊಂಡು ತೂಗಿ ನೋಡಿದ. ಚಿಪ್ಪಿ ಎರಡು ಅಚ್ಚಿಗೆ ಇಳಿದಿತ್ತು.

ಮೊದಲನೆಯ ದಿನ ಬಾದಾಮಿ ಹಾಲನ್ನು ನಿಜವಾಗಿಯೂ ಅದರ ಮುಂದಿಟ್ಟ. ಚಿಪ್ಪಿ ಮುಖ ತಿರುಗಿಸಿತು. ಎರಡನೆಯ ದಿನ ಬಾಳೆಹಣ್ಣು ಕಿವುಚಿ ಇಟ್ಟ. ಚಿಪ್ಪಿ ಕಣ್ಣೇ ತೆರೆಯಲಿಲ್ಲ. ಮೂರನೆಯ ದಿನ ಮೇಣದಲ್ಲಿ ಸೀಸದ ತುಂಡು ಸೇರಿಸಿ ಹೊಟ್ಟೆಯಡಿ ಅಂಟಿಸಿದ. ತೂಕವೇನೋ ಬಂತು, ಆದರೆ ಚಿಪ್ಪಿ ಒಂದು ಅಂಗುಲ ಅಲ್ಲಾಡಲಿಲ್ಲ. ಮೇಣ ಕಿತ್ತು ಹಾಕಿ, ತಲೆ ತಗ್ಗಿಸಿಕೊಂಡು ಬಚ್ಚಲ ಬಾಗಿಲಿಗೆ ಬಂದು ನಿಂತ.

"ಅಜ್ಜಿ, ಏನಾದರೂ ದಾರಿ ಹೇಳು," ಅಂದ.

ದ್ಯಾವಜ್ಜಿ ನಗಲಿಲ್ಲ. ನಗುವುದನ್ನು ಆಮೇಲಕ್ಕೆ ಇಟ್ಟುಕೊಂಡಳು. ಕೂಸಿಗೆ ಹೇಗೋ ಹಾಗೆಯೇ ಇದಕ್ಕೂ ಅಂದಳು. ಅಗಲವಾದ ತಟ್ಟೆ ಬೇಕು, ಆಳ ಇರಬಾರದು. ನೀರು ಉಗುರುಬೆಚ್ಚಗಿರಬೇಕು, ಮೊಣಕೈ ಅದ್ದಿ ನೋಡಬೇಕು. ಗದ್ದದ ತನಕ ಮಾತ್ರ ನೀರು, ಮೂಗು ಮುಳುಗಬಾರದು. ಒಂದು ಲಾಲಿಹಾಡು ಎರಡು ಸಲ ಹಾಡುವಷ್ಟು ಹೊತ್ತು ಬಿಡಬೇಕು. ಕೂತಲ್ಲೇ ಕುಡಿಯುತ್ತದೆ, ಕೂತಲ್ಲೇ ಹೇಲುತ್ತದೆ, ಹಾಗಾಗಿ ದಿನಾ ಹೊಸ ನೀರು. ಕುಡಿಯಲು ಬೇರೆ ಒಂದು ತಟ್ಟೆ ಸದಾ ಅಲ್ಲೇ ಇರಲಿ. ಒರೆಸಿ ಎಳೆಬಿಸಿಲಿಗೆ ಬಿಡಬೇಕು, ಪಕ್ಕದಲ್ಲಿ ನೆರಳೂ ಇರಬೇಕು. ತಿನ್ನಲು ಗರಿಕೆ, ದಾಸವಾಳದ ಎಲೆ, ತೊಳೆದು ಹಸಿಹಸಿಯಾಗಿ. ಹಾಲಿನ ಹೆಸರೆತ್ತಬಾರದು.

"ಆದರೆ ನೀರು ಮೇಲೆ ಹೊರೋರು ಯಾರು?" ಅಂತ ಭೋಗಣ್ಣ ಮೆಲ್ಲಗೆ ಕೇಳಿದ.

"ಬಲಗಡೆ ಎಲೇಲಿ ಉಣ್ಣೋರು," ಅಂದಳು ಅಜ್ಜಿ.

ಭೋಗಣ್ಣ ಹೊತ್ತ. ಮೊದಲ ದಿನ ಮೂರು ಕಡೆ ಕೂತು ಹತ್ತಿದ. ಒಂದು ವಾರಕ್ಕೆ ಒಂದು ಕಡೆ ಕೂತ. ಆಮೇಲೆ ಕೂರಲೇ ಇಲ್ಲ. ಚಿಪ್ಪಿ ಮೊದಲ ದಿನ ನೀರಿಗೆ ಮೂತಿ ಇಟ್ಟು ಕುಡಿದದ್ದೇ ಕುಡಿದದ್ದು. ದಿನ ಕಳೆದಂತೆ ಕಣ್ಣು ಹೊರಬಂದವು, ಕಾಲು ಬಿಗಿಯಾದವು. ಒಂದು ಬೆಳಿಗ್ಗೆ ಬಿಂದಿಗೆಯ ಸದ್ದು ಕೇಳಿ ಬಾಗಿಲ ತನಕ ಬಂದು ನಿಂತಿತು. ಭೋಗಣ್ಣ ಅದನ್ನು ನೋಡಿ ಅಲ್ಲೇ ಕುಕ್ಕರಗಾಲಲ್ಲಿ ಕೂತ. ಅವನ ಜೀವಮಾನದಲ್ಲಿ ಅವನಿಗಾಗಿ ಯಾರೂ ಹಾಗೆ ಬಾಗಿಲಿಗೆ ಬಂದು ಕಾದಿರಲಿಲ್ಲ. ಅವತ್ತು ಲಾಲಿಹಾಡನ್ನು ಎರಡಲ್ಲ, ನಾಲ್ಕು ಸಲ ಹಾಡಿದ.

ಹುಣ್ಣಿಮೆ ಬಂತು. ಅಂಗಳದ ತುಂಬ ಜನ. ಹೊಸ್ತಿಲ ಮೇಲೆ ಬಿಟ್ಟ ಕೂಡಲೇ ಚಿಪ್ಪಿ ಟುಕುಟುಕು ಅಂತ ನಡೆದು ಬಂದು ತಕ್ಕಡಿಯ ತಟ್ಟೆ ಹತ್ತಿತು. ಮೂರು ಅಚ್ಚು ಇಟ್ಟರು, ಚಿಪ್ಪಿಯ ತಟ್ಟೆ ಮೇಲೇಳಲಿಲ್ಲ. ಇನ್ನರ್ಧ ಅಚ್ಚು ಇಟ್ಟ ಮೇಲೆ ಸಮವಾಯಿತು. ಚಿನ್ನಾಂಬೆ ಕುಣಿದಾಡಿದಳು. ದ್ಯಾವಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು, ಅವಳ ಎದೆಯ ಭಾರ ಇಳಿದಿತ್ತು.

ಊಟಕ್ಕೆ ಕೂತಾಗ, ಹೇಗೆ ಸಾಕಿದೆ ಹೇಳಪ್ಪ ಅಂತ ರಾಜ ಕೇಳಿದ. ಮೊದಲ ಹೋಳಿಗೆ ಬಾಯಲ್ಲಿದ್ದ ಭೋಗಣ್ಣನಿಗೆ ಹೆಮ್ಮೆ ಉಕ್ಕಿತು. "ನೀರು ಭಾವ, ಎಲ್ಲಾ ನೀರಿನಿಂದ. ದಿನಾ ಎಪ್ಪತ್ತೆರಡು ಮೆಟ್ಟಿಲು ಹೊತ್ತಿದ್ದೇನೆ. ಹಾಲು ಗೀಲು ಅದು ಮೂಸಿಯೂ ನೋಡಲ್ಲ."

ಚಿನ್ನಾಂಬೆ ಎಲೆಯಿಂದ ತಲೆಯೆತ್ತಿದಳು. "ಮಾವ, ನೀರು ತಾಗಿದರೆ ಸಾಯುತ್ತೆ ಅಂದಿದ್ರಲ್ಲ. ಹಾಗಾದರೆ ಇಷ್ಟು ದಿನ ಹಾಲು ಕುಡಿದದ್ದು ಯಾರು?"

ಪಂಕ್ತಿಯಲ್ಲಿದ್ದವರೆಲ್ಲ ಉಣ್ಣುವ ಕೈ ತಡೆದರು. ಭೋಗಣ್ಣ ಉಳಿದ ಹೋಳಿಗೆಯನ್ನು ಎಲೆಯ ಮೇಲಿಟ್ಟ. ರಾಣಿ ತಮ್ಮನನ್ನು ನೋಡಿದಳು, ಆಮೇಲೆ ಅಜ್ಜಿಯನ್ನು ನೋಡಿ ತಲೆ ತಗ್ಗಿಸಿದಳು. ರಾಜನಿಗೆ ಸಿಟ್ಟೂ ಬಂತು, ನಗುವೂ ಬಂತು.

"ನಾನು," ಅಂದ ಭೋಗಣ್ಣ. "ತಪ್ಪಾಯಿತು. ಶಿಕ್ಷೆ ಕೊಡಿ, ಆದರೆ ಚಿಪ್ಪಿಯನ್ನು ಬೇರೆಯವರ ಕೈಗೆ ಕೊಡಬೇಡಿ."

ರಾಜ ದ್ಯಾವಜ್ಜಿಯ ಮುಖ ನೋಡಿದ. ಶಿಕ್ಷೆ ಏನು ಅಂತ ನೀನೇ ಹೇಳು ಅಂದ.

"ಚಿಪ್ಪಿ ಇರೋಗಂಟ ಅವರೇ ನೀರು ಹೊರಲಿ, ಬುದ್ಧಿ."

ಭೋಗಣ್ಣನ ಮುಖ ಅರಳಿತು. ಇಷ್ಟೇ ತಾನೇ ಅಂತ ಇನ್ನೊಂದು ಹೋಳಿಗೆಗೆ ಕೈ ಹಾಕಿದ. ಆಮೇಲೆ ಏನೋ ಹೊಳೆದು, ಅಂದ ಹಾಗೆ ಆಮೆಗೆ ಆಯುಸ್ಸು ಎಷ್ಟು ಅಜ್ಜಿ ಅಂತ ಕೇಳಿದ.

"ನಿಮಗಿಂತ ಜಾಸ್ತಿ," ಅಂದಳು ದ್ಯಾವಜ್ಜಿ. ಇಟ್ಟುಕೊಂಡಿದ್ದ ನಗುವನ್ನೆಲ್ಲ ಆಗ ನಕ್ಕಳು.

ತಿಳಿಯಿತೇ ಮಕ್ಕಳೇ? ಬಾಯಿಲ್ಲದ ಜೀವವನ್ನು ಸಾಕಲು ಒಪ್ಪಿಕೊಂಡ ಮೇಲೆ, ನಮಗೆ ರುಚಿಯಾದದ್ದನ್ನಲ್ಲ, ಅದಕ್ಕೆ ಬೇಕಾದದ್ದನ್ನು ಕೊಡಬೇಕು. ಅದೂ ಒಂದು ದಿನವಲ್ಲ, ದಿನಾ ಕೊಡಬೇಕು. ಈಗ ಏಳಿ, ನಿಮ್ಮ ಮನೆಯಲ್ಲಿ ಯಾರ ತಟ್ಟೆಯ ನೀರು ಬತ್ತಿದೆ ನೋಡಿ ಬನ್ನಿ.