ಕಾಫಿ ಕೊಡೋ ಕೆಲಸ

ದಾವಣಗೆರೆಯ ಸೀರೆ ಅಂಗಡಿಯ ಸಾಹುಕಾರ ಮುರಿಗೆಪ್ಪನವರು ಕೆಲಸದ ಹಾಲೇಶನ ಮೇಲೆ ಹರಿಹಾಯ್ದರು.

"ಉಳಿದವರು ಸೀರೆ ಬಿಚ್ಚಿ ತೋರಿಸ್ತಾರೆ. ನೀನು ಜೊತೆಗೆ ಬಂದ ಗಂಡಂದಿರಿಗೆ ಕಾಫಿ ಕೊಟ್ಕೊಂಡು ಹರಟೆ ಹೊಡೀತೀಯ. ನಿನ್ನಿಂದ ಅಂಗಡಿಗೇನು ಲಾಭ? ಇವತ್ತೇ ತೋರಿಸು, ಇಲ್ಲಾಂದ್ರೆ ಮನೆಗೆ ನಡಿ!"

"ಆಗ್ಲಿ ಸಾಹುಕಾರ್ರೇ," ಅಂದ ಹಾಲೇಶ.

ಸಂಜೆ ಸಾಹುಕಾರರ ಹೆಂಡತಿಯೇ ಸೀರೆ ಆರಿಸಲು ಬಂದರು. "ಒಂದು ಸಾಕು, ಬೇಗ ಹೊರಡು," ಎಂದು ಸಾಹುಕಾರರು ಬೆನ್ನ ಹಿಂದೆಯೇ ನಿಂತು ಅವಸರಪಡಿಸಿದರು.

ಹಾಲೇಶ ಸಾಹುಕಾರರನ್ನು ಫ್ಯಾನಿನ ಕೆಳಗೆ ಕೂರಿಸಿ, ಕೈಗೆ ಕಾಫಿ ಕೊಟ್ಟು, "ಈ ಅಂಗಡಿ ಹೆಂಗೆ ಕಟ್ಟಿದ್ರಿ ಸಾಹುಕಾರ್ರೇ?" ಎಂದು ಕೇಳಿದ.

ಸಾಹುಕಾರರು ಶುರು ಮಾಡಿದರು. ಅವರ ಕಥೆ ಮುಗಿಯುವಷ್ಟರಲ್ಲಿ ಹೆಂಡತಿಯ ಮುಂದೆ ಏಳು ಸೀರೆ ಪ್ಯಾಕ್ ಆಗಿದ್ದವು!

ಸಾಹುಕಾರರು ಕೈಯಲ್ಲಿದ್ದ ಖಾಲಿ ಲೋಟ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು.

"ನಿನ್ನ ಕೆಲಸ ಗಟ್ಟಿ ಕಣಯ್ಯಾ. ನಮ್ಮನೆಯವಳು ಬಂದ ದಿನ ಮಾತ್ರ ರಜೆ ಹಾಕು!"