ಯಾರಿಗೂ ಒಡೆಯದ ಮಂದೆ

ಒಂದೂರಿತ್ತಂತೆ. ಊರೇನು ಬಂತು, ಕಣ್ಣು ಹಾಯಿಸಿದಷ್ಟೂ ಹುಲ್ಲು, ಹುಲ್ಲಿನ ತುಂಬ ದೊರೆಯ ಕುರಿ. ಎರಡು ಸಾವಿರದ ಐನೂರ ಇಪ್ಪತ್ತೊಂದು ಕುರಿಯಂತೆ! ಏಯ್, ಬಾಯಿ ಮುಚ್ಕೊಳ್ರೋ, ನೊಣ ಹೋದೀತು.

ಆ ಊರಲ್ಲೊಂದು ಪದ್ಧತಿ. ಉಣ್ಣೆ ಕತ್ತರಿಸೋ ದಿನ ಕುರಿಗಳನ್ನ ಸಮ ಗುಂಪು ಮಾಡಿ ಮುಳ್ಳುಬೇಲಿಯ ರೊಪ್ಪದ ಬಾಗಿಲಿಂದ ಆಚೆ ಬಿಡೋದು. ಯಾವ ಗುಂಪಿಗೂ ಸೇರದೆ ಉಳಿದಿದ್ದನ್ನ ಊರದೇವಿಗೆ ಕಡಿಯೋದು. ಆ ಸಲ ಎರಡೆರಡೇ ಬಿಟ್ಟರು. ಕೊನೆಗೊಂದು ಉಳೀತು. ಯಾವುದು? ಕುಂಟಿ ಅನ್ನೋ ಮುದಿ ಕುರಿ. ಕಾಲು ಸರಿಯಿಲ್ಲ, ಯಾವತ್ತೂ ಕೊನೆಗೇ ಬರೋದು.

ಕುರಿ ಕಾಯೋ ಮಾಳವ್ವ ಓಡಿಬಂದು ದೊರೆ ಕಾಲಿಗೆ ಬಿದ್ದಳಂತೆ. "ನನ್ನೆದೆ ಹಾಲು ಬತ್ತಿದಾಗ ನನ್ನ ಮಗಳು ಉಳಿದಿದ್ದು ಇದರ ಹಾಲಿಂದ, ಬುದ್ಧೀ. ಇದನ್ನ ಕಡಿಬ್ಯಾಡಿ."

ದೊರೆ ಒಳ್ಳೇವ್ನು, ಲೆಕ್ಕ ಅಂದ್ರೆ ಪ್ರಾಣ. "ಎಷ್ಟೆಷ್ಟರ ಗುಂಪು ಅಂತ ದೇವಿ ಹೇಳಿಲ್ಲ ಕಣವ್ವ. ಒಂದೊಂದೇ ಬಿಟ್ಟರೆ ಗುಂಪಾಗಲ್ಲ, ಅದೊಂದು ಬ್ಯಾಡ. ಮಿಕ್ಕಂತೆ ನಿನ್ನಿಷ್ಟ. ಒಂದೂ ಉಳೀದಿದ್ರೆ ಕುಂಟಿ ನಿಂದು," ಅಂದ.

ಮೂರು ಮೂರು ಬಿಟ್ಟಳು, ಕುಂಟಿ ಉಳೀತು. ನಾಕು ನಾಕು ಬಿಟ್ಟಳು, ಕುಂಟಿ ಉಳೀತು. ಐದು, ಆರು, ಏಳು. ಊಹೂಂ, ಕುಂಟಿ! ಎಂಟು, ಒಂಬತ್ತು, ಹತ್ತು. ಮತ್ತೆ ಕುಂಟಿಯೇ! ಒಳಗೂ ಹೊರಗೂ ತಿರುಗಿ ಕುರಿಗಳಿಗೂ ಸಾಕಾಗಿತ್ತು. ಹಟಕ್ಕೆ ಹನ್ನೊಂದು ಮಾಡಿದರೆ, ಅಯ್ಯೋ, ಈಗ ಎರಡು ಉಳಿದವಂತೆ. ಮಾಳವ್ವ ಅಲ್ಲೇ ಕುಸಿದು ಅತ್ತುಬಿಟ್ಟಳು.

ದೊರೆಗೋ ಅಳುವೂ ಕೇಳಿಸಲಿಲ್ಲ. ಲೆಕ್ಕ ಹಾಕೋಕೆ ಹರಳು ಹರಡಿಕೊಂಡು ಕೂತುಬಿಟ್ಟಿದ್ದ. ಹದಿಮೂರು ನೋಡಿದ, ಹದಿನೇಳು ನೋಡಿದ, ಅದರಾಚೆಗೂ ನೋಡಿದ. ಯಾವ ಗುಂಪೂ ಸರಿಹೋಗಲಿಲ್ಲ. "ಎಲಾ ಇದರ! ಕುಂಟಿ ಒಂದನ್ನ ತೆಗೆದರೆ ಎರಡರಿಂದ ಹತ್ತರ ತನಕ ಎಷ್ಟು ಜನ ಕೇಳಿದ್ರೂ ಸಮಪಾಲು. ಈ ಒಂದು ಸೇರಿದ್ದೇ ಸೇರಿದ್ದು, ಯಾರಿಗೂ ಒಡೆಯಲ್ಲ ಅಂತದಲ್ಲ! ಇಂಥ ಸಂಖ್ಯೆ ನಮ್ಮ ರೊಪ್ಪದಲ್ಲೇ ಇದ್ದದ್ದು ನನಗೇ ಗೊತ್ತಿರಲಿಲ್ಲ!" ಅಂತ ಹಿಗ್ಗಿಹೋದನಂತೆ.

ಮಾಳವ್ವ ಕಣ್ಣೊರೆಸಿಕೊಂಡಳು. "ಏನಂದ್ರಿ ಬುದ್ಧೀ? ಒಡೆಯಕ್ಕೇ ಆಗಲ್ವಾ?"

"ಆಗಲ್ಲ ಕಣವ್ವ."

"ಒಡೆಯದ್ದನ್ನ ನಾನ್ಯಾಕೆ ಒಡೀತಾ ಕೂತೆ!" ಅಂದವಳೇ ಎದ್ದಳು. ಕುಡುಗೋಲು ಹಿಡಿದು ರೊಪ್ಪದ ಮುಳ್ಳುಬೇಲಿಯನ್ನ ಸುತ್ತಲೂ ಕಿತ್ತು ಎಸೆದಳು. ಕೈಯೆಲ್ಲ ನೆತ್ತರು, ಲೆಕ್ಕಿಸಲಿಲ್ಲ. ಕುಂಟಿಯನ್ನ ಹೆಗಲಿಗೆ ಹಾಕಿಕೊಂಡು "ಹೋ ಹೋ" ಅಂತ ಕೂಗಿದಳು ನೋಡಿ, ಇಡೀ ಮಂದೆ ನಾಕೂ ದಿಕ್ಕಿಂದ ಒಟ್ಟಿಗೇ ಆಚೆ ನುಗ್ಗಿತು!

"ಎರಡು ಸಾವಿರದ ಐನೂರ ಇಪ್ಪತ್ತೊಂದರ ಒಂದೇ ಗುಂಪು, ಬುದ್ಧೀ! ಎಷ್ಟು ಉಳಿದ್ವು?"

ದೊರೆ ನೋಡ್ತಾನೆ, ರೊಪ್ಪದಲ್ಲಿ ಹಿಕ್ಕೆ ಬಿಟ್ಟರೆ ಏನೂ ಇಲ್ಲ. ಅವನಿಗೆ ನಗು ತಡೆಯಲಿಲ್ಲ. ತನ್ನ ಕಂಬಳಿ ತೆಗೆದು ಮಾಳವ್ವನಿಗೆ ಹೊದಿಸಿ, "ಗೆದ್ದೆ ಕಣವ್ವ. ಕುಂಟಿ ನಿಂದು," ಅಂದನಂತೆ. ದೇವಿಗೆ ಆ ವರ್ಷ ಬರೀ ಹಾಲುಬಾನ, ಹಾಲಲ್ಲಿ ಬೇಯಿಸಿದ ಅನ್ನ. ಅವಳೇನೂ ಮುನಿಸಿಕೊಳ್ಳಲಿಲ್ಲವಂತೆ.

ಅವರು ಅಲ್ಲಿ ಹಾಲು ಕುಡಿದು ಮಲಗಿದರು, ನಾನಿಲ್ಲಿ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡೆ. ನೀರು ಕೊಡ್ರೋ ಯಾರಾದ್ರೂ!